ಕಿತ್ತು ಹಾಕೋ ಮುಂಚೆ ಒಂದ್ಸಲ ಬಗ್ಗಿ ನೋಡಿ

1/9

ಹೋದ ವಾರ ನಮ್ಮ ಬ್ಯಾಚ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತಲ್ಲ? ನ್ಯೂಯಾರ್ಕಿನ ಯಾವುದೋ ಹಳೇ ಮನೆ. ಒಬ್ಬ ದೊಡ್ಡ ಸುತ್ತಿಗೆ ಎತ್ತಿ ಎರಕದ ಕಬ್ಬಿಣದ ರೇಡಿಯೇಟರ್ ಒಡೀತಾನೆ, ಕೆಳಗೆ "ನೂರು ವರ್ಷದ ಗುಜರಿಗೆ ಟಾಟಾ" ಅಂತ ಬರಹ. ನಮ್ಮವರೇ ಎಷ್ಟೊಂದು ಜನ ಬೆಂಕಿ ಗುರುತು ಒತ್ತಿದ್ರಿ. ನಾನು ಒತ್ತಲಿಲ್ಲ. ಯಾಕೆ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ರಿ. ಅದಕ್ಕೆ ಈ ಒಂಬತ್ತು ಪೋಸ್ಟ್. ಉದ್ದ ಆಯ್ತು ಅನ್ನೋರು ಫೋಟೋ ನೋಡ್ಕೊಂಡು ಹೋಗಿ, ಬೇಜಾರಿಲ್ಲ.

ಗೊತ್ತಿಲ್ಲದವರಿಗೆ: ನಾನು ಊರಲ್ಲಿ ಮೆಕ್ಯಾನಿಕಲ್ ಮುಗಿಸಿ ಈಗ ಇಲ್ಲಿ ನ್ಯೂಯಾರ್ಕಲ್ಲಿ ಹಳೇ ಕಟ್ಟಡಗಳ ಸಂರಕ್ಷಣೆ ಓದ್ತಾ ಇದ್ದೀನಿ. ನಮ್ಮ ಕಡೆ ಮನೆ ಬಿಸಿ ಮಾಡೋ ವ್ಯವಸ್ಥೆ ಅನ್ನೋದೇ ಇಲ್ಲ. ಕೊಡಗಲ್ಲಿ ಚಳಿ ಆದ್ರೆ ಒಲೆ ಮುಂದೆ ಕೂತ್ಕೋತೀವಿ, ಅಷ್ಟೆ. ಇಲ್ಲಿ ಹಂಗಲ್ಲ. 1930ಕ್ಕಿಂತ ಹಿಂದೆ ಕಟ್ಟಿದ ಸಾವಿರಾರು ಮನೆ, ಶಾಲೆ, ಚರ್ಚುಗಳ ನೆಲಮಾಳಿಗೇಲಿ ಒಂದು ಬಾಯ್ಲರ್ ಇರುತ್ತೆ. ಅದು ನೀರು ಕಾಯಿಸಿ ಉಗಿ ಮಾಡುತ್ತೆ. ಉಗಿ ಕೊಳವೆ ಹತ್ತಿ ರೂಮುಗಳ ರೇಡಿಯೇಟರಿಗೆ ಹೋಗುತ್ತೆ, ಅಲ್ಲಿ ತಣ್ಣಗಾಗಿ ಮತ್ತೆ ನೀರಾಗಿ ಇಳಿದು ಬರುತ್ತೆ. ಮೇಲೆ ಕಳಿಸೋಕೆ ಪಂಪ್ ಬೇಡ, ಇಳಿದು ಬರೋದಕ್ಕೆ ಇಳಿಜಾರು ಸಾಕು.

ನನ್ನ ಜಗಳ ಏನು ಅಂದ್ರೆ, ಈ ವ್ಯವಸ್ಥೆ ಕೆಟ್ಟಿದೆ ಅಂತ ತೀರ್ಪು ಕೊಡೋರಲ್ಲಿ ಹೆಚ್ಚಿನವರು ಅದನ್ನ ಒಂದು ಸಲಾನೂ ಸರಿಯಾಗಿ ಪರೀಕ್ಷೆ ಮಾಡಿರಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆ ಇದು. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಕೆಲವು ಕಡೆ ನಿಜಕ್ಕೂ ನೆಲ ಡೊಂಕೇ ಇರುತ್ತೆ. ಅದನ್ನೂ ಹೇಳ್ತೀನಿ.

2/9

(ಫೋಟೋ: ನಮ್ಮ ರೂಮಿನ ಇಡ್ಲಿ ಪಾತ್ರೆ. ಹೌದು, ಬೇಕಂತಲೇ ಹಾಕಿದ್ದು.)

ಉಗಿ ಅಂದ ತಕ್ಷಣ ನಮ್ಮ ತಲೇಲಿ ಬರೋದು ಪ್ರೆಶರ್ ಕುಕ್ಕರ್. ಸೀಟಿ, ಒತ್ತಡ, ಮುಚ್ಚಳ ಹಾರೋ ಭಯ. ಅಲ್ಲೇ ತಪ್ಪು ಶುರು. ಕುಕ್ಕರಿನ ವೆಯ್ಟ್ ಎತ್ತೋದು ಸುಮಾರು 15 ಪಿಎಸ್‌ಐನಲ್ಲಿ. ಹಳೇ ಒಂದು ಕೊಳವೆಯ ಉಗಿ ಮನೆ ಓಡಬೇಕಾಗಿರೋದು ಒಂದೂವರೆ ಪಿಎಸ್‌ಐ ಆಸುಪಾಸಲ್ಲಿ. ಹತ್ತರಲ್ಲಿ ಒಂದು ಭಾಗ! ಅಂದ್ರೆ ಇದು ಕುಕ್ಕರ್ ಅಲ್ಲ ಗುರೂ, ಇಡ್ಲಿ ಪಾತ್ರೆ. ಇಡ್ಲಿ ಬೇಯಿಸೋವಾಗ ಅಮ್ಮ ವೆಯ್ಟ್ ತೆಗೆದು ಇಡ್ತಾರಲ್ಲ, ಯಾಕೆ? ಅಲ್ಲಿ ಬೇಕಿರೋದು ಒತ್ತಡ ಅಲ್ಲ, ಉಗಿ ಎಲ್ಲಾ ತಟ್ಟೆಗೂ ಮುಟ್ಟೋದು.

ಉಗಿಯ ನಿಜವಾದ ತಾಕತ್ತು ಅದರ ಒಳಗಿನ ಶಾಖದಲ್ಲಿದೆ. ಥರ್ಮಲ್ ಪೇಪರಿಗೆ ಬಾಯಿಪಾಠ ಮಾಡಿದ್ವಿ, ನೆನಪಿದ್ಯಾ? 100 ಡಿಗ್ರಿಯಲ್ಲಿ ಒಂದು ಕಿಲೋ ಉಗಿ ನೀರಾಗೋವಾಗ 2257 ಕಿಲೋಜೂಲ್ ಬಿಟ್ಟುಕೊಡುತ್ತೆ. ಅದೇ ಒಂದು ಕಿಲೋ ಬಿಸಿನೀರು 10 ಡಿಗ್ರಿ ಇಳಿದ್ರೆ ಸಿಗೋದು ಬರೀ 42. ಇನ್ನೊಂದು ಮಜಾ: ನೀರು ಉಗಿ ಆದಾಗ ಸುಮಾರು 1,600 ಪಟ್ಟು ಜಾಗ ತಗೊಳ್ಳುತ್ತೆ, ರೇಡಿಯೇಟರಲ್ಲಿ ತಣ್ಣಗಾದಾಗ ಅಷ್ಟೇ ಕುಗ್ಗುತ್ತೆ. ಕುಗ್ಗಿದ ಜಾಗಕ್ಕೆ ಹಿಂದಿನ ಉಗಿ ತಾನೇ ನುಗ್ಗುತ್ತೆ. ತಳ್ಳೋ ಅಗತ್ಯ ಎಲ್ಲಿದೆ?

ತಡೆಯೋದು ಒಂದೇ, ಗಾಳಿ. ಬಾಯ್ಲರ್ ಆರಿದಾಗ ಕೊಳವೆ, ರೇಡಿಯೇಟರ್ ಎಲ್ಲಾ ಗಾಳಿ ತುಂಬ್ಕೊಂಡಿರುತ್ತೆ. ಆ ಗಾಳಿ ಆಚೆ ಹೋಗದೆ ಉಗಿ ಒಳಗೆ ಬರಲ್ಲ. ಅದಕ್ಕೇ ಪ್ರತಿ ರೇಡಿಯೇಟರಿನ ಪಕ್ಕ ಒಂದು ಪುಟ್ಟ ಗಾಳಿ ವೆಂಟ್. ಗಾಳಿ ಇದ್ದಾಗ ಬಾಯಿ ತೆರೆದಿರುತ್ತೆ, ಉಗಿ ತಾಗಿದ ಕೂಡಲೇ ಮುಚ್ಕೊಳ್ಳುತ್ತೆ. ಸುಯ್ಯ್ ಅಂತ ಸದ್ದು ಬರೋದು ಅದರಿಂದಾನೇ. ನೆಲಮಾಳಿಗೇಲಿ ದೊಡ್ಡ ಕೊಳವೆಯ ತುದೀಲಿ ಇದರ ದೊಡ್ಡಣ್ಣ ಒಬ್ಬ ಇರ್ತಾನೆ. ಈ ದೊಡ್ಡಣ್ಣನ್ನ ನೆನಪಿಟ್ಕೊಳ್ಳಿ, ಮುಂದಿನ ಪೋಸ್ಟಲ್ಲಿ ಕಳ್ಳ ಸಿಗೋದು ಅಲ್ಲೇ.

3/9

(ಫೋಟೋ: ಜನವರಿ, ಹೊರಗೆ ಹಿಮ, ನಾಲ್ಕನೇ ಮಹಡಿಯ ಕಿಟಕಿ ಪೂರ್ತಿ ತೆರೆದಿದೆ.)

ನಮ್ಮ ಕ್ಲಾಸಿಗೆ ಈ ಚಳಿಗಾಲ ಒಂದು ಕಟ್ಟಡ ಕೊಟ್ಟಿದ್ರು, ಸಮೀಕ್ಷೆ ಮಾಡಿ ವರದಿ ಕೊಡಿ ಅಂತ. ಮ್ಯಾನ್‌ಹಾಟನ್ನಿನ ಮೇಲ್ಭಾಗ, ನಾಲ್ಕು ಮಹಡಿ, ಎಂಟು ಮನೆ, ಲಿಫ್ಟ್ ಇಲ್ಲ, ಮೊದಲ ಮಹಾಯುದ್ಧಕ್ಕಿಂತ ಸ್ವಲ್ಪ ಹಿಂದಿನದು. ಮಾಲೀಕರ ಹೆಸರು ಬೇಡ, ಬೀದಿ ಹೆಸರೂ ಬೇಡ.

ಮೇಲಿನ ಮುಂಭಾಗದ ಮನೇಲಿ 84 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 29. ಜನ ಬನಿಯನ್‌ನಲ್ಲಿ ಕೂತು ಕಿಟಕಿ ತೆಗೆದಿದ್ದಾರೆ. ಅದೇ ಹೊತ್ತಿಗೆ ಕೆಳಗೆ ಹಿಂಭಾಗದ ಮನೇಲಿ ಒಬ್ಬ ಅಜ್ಜಿ ಕೋಟು, ಟೋಪಿ, ಮೇಲೊಂದು ಕಂಬಳಿ. ಅಲ್ಲಿ 60, ಅಂದ್ರೆ 16 ಡಿಗ್ರಿ. ಈ ನಗರದ ಕಾನೂನು ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 55 ಫ್ಯಾರನ್‌ಹೀಟ್‌ಗಿಂತ ಕಮ್ಮಿ ಆದ್ರೆ ಮನೆಯೊಳಗೆ 68 ಇರಲೇಬೇಕು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 62. ಅಜ್ಜಿ ಮನೇಲಿ ಹಗಲೂ ಇಲ್ಲ, ರಾತ್ರೀನೂ ಇಲ್ಲ. ಅದರ ಮೇಲೆ ನಸುಕಿನ ನಾಲ್ಕಕ್ಕೆ ಯಾರೋ ಗೋಡೆಗೆ ಸುತ್ತಿಗೆ ಬಡಿದ ಹಾಗೆ ಢಣ್ ಢಣ್ ಢಣ್. ದೂರು ಕೊಟ್ಟಾಗೆಲ್ಲಾ ಬಂದ ಉತ್ತರ ಒಂದೇ: "ಹಳೇ ಕಟ್ಟಡ, ಹಂಗೇ ಇರುತ್ತೆ."

ಈ ಒಂದು ವಾಕ್ಯ ಕೇಳಿದ್ರೆ ನನಗೆ ಮೈ ಉರಿಯುತ್ತೆ. ಹಳೇದಾದಾಗ ಹಂಗಿರಲಿಲ್ಲ ಸ್ವಾಮಿ! ಕಟ್ಟಿದ ವರ್ಷ ಆ ಮನೆ ಸದ್ದಿಲ್ಲದೆ, ಸಮನಾಗಿ ಬಿಸಿ ಆಗಿರಲೇಬೇಕು, ಇಲ್ಲಾಂದ್ರೆ ಆ ಕಾಲದ ಬಾಡಿಗೆದಾರರು ಸುಮ್ನೆ ಬಿಡ್ತಿದ್ರಾ?

ನೆಲಮಾಳಿಗೆಗೆ ಇಳಿದ್ವಿ. ಒತ್ತಡ ನಿಯಂತ್ರಿಸೋ ಸ್ವಿಚ್ ಎಷ್ಟಕ್ಕೆ ಇಟ್ಟಿದ್ರು ಗೊತ್ತಾ? 8 ಪಿಎಸ್‌ಐ. ಕೆಳಗಿನ ಮನೆ ಬಿಸಿ ಆಗ್ತಿಲ್ಲ ಅಂತ ದೂರು ಬಂದಾಗೆಲ್ಲಾ ಯಾರೋ ಒಂಚೂರು ಜಾಸ್ತಿ ಮಾಡಿದ್ದಾರೆ, ಮತ್ತೆ ಒಂಚೂರು, ಮತ್ತೆ ಒಂಚೂರು. ಇಡ್ಲಿ ಬೇಯ್ತಿಲ್ಲ ಅಂತ ವೆಯ್ಟ್ ಹಾಕಿ ಸೀಟಿ ಹೊಡೆಸಿದ ಹಾಗೆ. ಒತ್ತಡ ಜಾಸ್ತಿ ಆದ್ರೆ ಗಾಳಿ ಬೇಗ ಹೋಗುತ್ತೆ ಅನ್ನೋದು ಅವರ ಲೆಕ್ಕ. ಆದ್ರೆ ಬಹಳಷ್ಟು ವೆಂಟುಗಳಿಗೆ ಒಂದು ಮಿತಿ ಇದೆ. ಅದನ್ನ ದಾಟಿದ್ರೆ ಒಂದ್ಸಲ ಮುಚ್ಚಿದ ವೆಂಟ್ ಮತ್ತೆ ತೆರೆಯಲ್ಲ, ಗಾಳಿ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಬಿಸಿ ಮಾಡೋಕೆ ಅಂತ ಮಾಡಿದ್ದೇ ತಣ್ಣಗಿಟ್ಟಿದೆ.

4/9

(ಫೋಟೋ: ಪ್ಲಗ್ ಹೊಡೆದ ತೂತು. ಜೂಮ್ ಮಾಡಿ.)

ದೊಡ್ಡಣ್ಣ ಎಲ್ಲಿ? ಹಿಂಭಾಗಕ್ಕೆ ಹೋಗೋ ಮುಖ್ಯ ಕೊಳವೆಯ ತುದೀಲಿ ವೆಂಟ್ ಇರಬೇಕಾದ ಜಾಗದಲ್ಲಿ ಒಂದು ಕಬ್ಬಿಣದ ಪ್ಲಗ್ ಬಿಗಿದಿದ್ರು. ಯಾವತ್ತೋ ಅದು ಸೋರಿದೆ, ಯಾರೋ ಹೊಸದು ತರೋ ಬದಲು ಬಿರಡೆ ಹಾಕಿದ್ದಾರೆ. ಅವತ್ತಿಂದ ಅಷ್ಟುದ್ದ ಕೊಳವೆಯ ಗಾಳಿ ಎಲ್ಲಾ ಅಜ್ಜಿ ರೂಮಿನ ಪುಟ್ಟ ವೆಂಟಿನಿಂದಲೇ ಆಚೆ ಹೋಗಬೇಕು. ಅಷ್ಟರಲ್ಲಿ ಮುಂಭಾಗ ಕಾದು ಕೆಂಡ.

ನಮಗೆ ದಾರಿ ತೋರಿಸಿದ್ದು ಉಗಿ ಕೆಲಸದಲ್ಲೇ ಕೂದಲು ಬೆಳ್ಳಗಾದ ಒಬ್ಬ ಹಿರಿಯರು. ಅವರು ಬಂದ ಮೊದಲ ದಿನ ಪಾನಾ ಹೊರಗೇ ತೆಗೀಲಿಲ್ಲ. ಬಾಯ್ಲರ್ ಹಚ್ಚಿಸಿ, ವಾಚ್ ಹಿಡ್ಕೊಂಡು, ಕೊಳವೆ ಜೊತೆ ನಡೀತಾ ಹೋದ್ರು. ಮುಂಭಾಗದ ತುದಿ ಬಿಸಿ ಆಗೋಕೆ ಆರು ನಿಮಿಷ. ಹಿಂಭಾಗದ್ದಕ್ಕೆ ಇಪ್ಪತ್ತೆರಡು. "ಇದೇ ನಿಮ್ಮ ವರದಿ, ಉಳಿದಿದ್ದು ವಿವರ" ಅಂದ್ರು.

ವಿವರದಲ್ಲೂ ಬೇಕಾದಷ್ಟಿತ್ತು. ಕೊಳವೆಗಳಿಗೆ ಇಳಿಜಾರು ಬೇಕು. ಉಗಿ, ನೀರು ಎರಡೂ ಒಂದೇ ದಿಕ್ಕಿಗೆ ಹೋಗೋ ಕಡೆ 20 ಅಡಿಗೆ ಒಂದು ಇಂಚು, ಎದುರುಬದುರು ಬರೋ ಕಡೆ ಅದರ ಎರಡು ಪಟ್ಟು. ಇಲ್ಲಿ ಒಂದು ಕೊಕ್ಕೆ ಮುರಿದು ಕೊಳವೆ ಜೋತು ಬಿದ್ದಿತ್ತು, ಬಟ್ಟೆ ಒಣಹಾಕೋ ಹಗ್ಗದ ಥರ. ಆ ಹಳ್ಳದಲ್ಲಿ ನೀರು ನಿಂತಿದೆ. ವೇಗವಾಗಿ ಬಂದ ಉಗಿ ಆ ನೀರನ್ನ ಎತ್ತಿ ಮುಂದಿನ ತಿರುವಿಗೆ ಅಪ್ಪಳಿಸುತ್ತೆ. ನಸುಕಿನ ನಾಲ್ಕರ ಢಣ್ ಢಣ್ ಅದೇ. ದೆವ್ವ ಅಲ್ಲ, ಕೊಕ್ಕೆ. ಎತ್ತಿ ಕಟ್ಟಿದ್ವಿ, ನಿಂತುಹೋಯ್ತು.

ಕೊಳವೆಗಳು ಬತ್ತಲಾಗಿದ್ವು. ಹಿಂದೆ ಸುತ್ತಿದ್ದ ಕಲ್ನಾರು ಹೊದಿಕೆ ಅಪಾಯ ಅಂತ ತೆಗೆಸಿದ್ದಾರೆ. ಸರಿಯಾಗಿಯೇ ತೆಗೆಸಿದ್ದಾರೆ, ಕಲ್ನಾರಿನ ನಾರು ಶ್ವಾಸಕೋಶಕ್ಕೆ ಮೃತ್ಯು, ಅದನ್ನ ನೀವ್ಯಾರೂ ಕೈಯಿಂದ ಮುಟ್ಟಬಾರದು, ತರಬೇತಿ ಪಡೆದವರೇ ತೆಗೀಬೇಕು. ಆದ್ರೆ ಅದರ ಜಾಗಕ್ಕೆ ಗಾಜಿನ ನಾರಿನ ಹೊದಿಕೆ ಹಾಕಬೇಕಿತ್ತಲ್ಲ? ಹಾಕಿಲ್ಲ. ಅರ್ಧ ಉಗಿ ದಾರೀಲೇ ನೀರಾಗ್ತಿದೆ, ನೆಲಮಾಳಿಗೇಲಿ ಯಾರೂ ವಾಸ ಇಲ್ಲ, ಇಲಿಗಳು ಮಾತ್ರ ಸುಖವಾಗಿವೆ.

ಅಜ್ಜಿಯ ರೇಡಿಯೇಟರ್ ತಪ್ಪು ದಿಕ್ಕಿಗೆ ವಾಲಿತ್ತು. ಒಂದೇ ಕೊಳವೆ ಇರೋ ವ್ಯವಸ್ಥೇಲಿ ಉಗಿ ಬಂದ ಬಾಯಿಂದಲೇ ನೀರು ವಾಪಸ್ ಹೋಗಬೇಕು, ಅದಕ್ಕೆ ರೇಡಿಯೇಟರ್ ವಾಲ್ವ್ ಕಡೆಗೆ ವಾಲಿರಬೇಕು. ಆಚೆ ಕಾಲಿನ ಕೆಳಗೆ ಮರದ ತುಂಡು ಇಟ್ಟಿದ್ದಕ್ಕೆ ಆದ ಖರ್ಚು ಸೊನ್ನೆ. ಇನ್ನೊಂದು, ಈ ವ್ಯವಸ್ಥೇಲಿ ಆ ವಾಲ್ವ್ ಪೂರ್ತಿ ತೆರೆದಿರಬೇಕು ಇಲ್ಲಾ ಪೂರ್ತಿ ಮುಚ್ಚಿರಬೇಕು. ನಲ್ಲಿ ಥರ ಅರ್ಧ ತಿರುಗಿಸಿದ್ರೆ ಬರೋ ಉಗಿ, ಹೋಗೋ ನೀರು ಬಾಗಿಲಲ್ಲೇ ಗುದ್ದಾಡ್ತವೆ. ಇಲ್ಲಿ ಹಾಸ್ಟೆಲ್ಲಲ್ಲಿರೋ ನಮ್ಮವರೆಲ್ಲಾ ಅರ್ಧ ತಿರುಗಿಸಿ ಇಟ್ಟಿರ್ತಾರೆ. ಈಗಲೇ ಹೋಗಿ ನೋಡಿ.

ಮುಖ್ಯ ವೆಂಟ್ ಹೊಸದು ಹಾಕಿ, ಒತ್ತಡ ಒಂದೂವರೆಗೆ ಇಳಿಸಿದ ಮೇಲೆ ಹಿಂಭಾಗದ ತುದಿಗೆ ಉಗಿ ಮುಟ್ಟೋಕೆ ಎಂಟು ನಿಮಿಷ.

(ಎರಡು ಕೊಳವೆಯ ಕಟ್ಟಡಗಳಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ರೇಡಿಯೇಟರಿಗೊಂದು ಸ್ಟೀಮ್ ಟ್ರ್ಯಾಪ್ ಇರುತ್ತೆ. ಅದು ಮುಚ್ಚಿಕೊಂಡು ಕೆಟ್ರೆ ಆ ರೂಮು ತಣ್ಣಗೆ. ತೆರೆದುಕೊಂಡು ಕೆಟ್ರೆ ಉಗಿ ವಾಪಸ್ ಕೊಳವೆಗೆ ನುಗ್ಗಿ ಬೇರೆಯವರ ರೂಮು ಕೆಡುತ್ತೆ. ತಪ್ಪು ಒಬ್ಬಂದು, ಶಿಕ್ಷೆ ಇನ್ನೊಬ್ಬನಿಗೆ.)

5/9

ಈಗ ನನ್ನ ಅಸಲಿ ಕೋಪ.

ನಾವು ಹೋಗೋ ಮುಂಚೆನೇ ಮಾಲೀಕರ ಕೈಲಿ ಒಂದು ಕೊಟೇಶನ್ ಇತ್ತು: ಹಳೇ ಬಾಯ್ಲರ್ ಕಿತ್ತು ಹೊಸದು. ಹೊಸದರ ಸೈಜ್ ಹೇಗೆ ನಿರ್ಧಾರ ಮಾಡಿದ್ರು? ಹಳೇ ಬಾಯ್ಲರಿನ ಹಣೆಮೇಲಿರೋ ಲೇಬಲ್ ನೋಡಿ. "ಮೊದಲಿಂದ ಇದೇ ಇತ್ತಲ್ಲ." ಹಳೇದನ್ನ ಹಾಕಿದವನು ಅದಕ್ಕೂ ಹಳೇದರ ಲೇಬಲ್ ನೋಡಿದ್ದ. ಅದು ಕಲ್ಲಿದ್ದಲಿನ ಕಾಲದ್ದು. ಕುರುಡನ ಕೈಹಿಡಿದು ಕುರುಡ.

ಉಗಿ ಬಾಯ್ಲರಿಗೆ ಅಳತೆ ತಗೋಬೇಕಾದ್ದು ಗೋಡೆಯದ್ದಲ್ಲ, ಕಿಟಕಿಯದ್ದಲ್ಲ, ರೇಡಿಯೇಟರುಗಳದ್ದು. ಎಷ್ಟು ಕಬ್ಬಿಣ ಇದೆಯೋ ಅಷ್ಟೇ ಉಗಿ ತಣ್ಣಗಾಗೋದು. ಒಂದು ಚದರ ಅಡಿ ರೇಡಿಯೇಟರ್ ಗಂಟೆಗೆ 240 ಬಿಟಿಯು ಕೊಡುತ್ತೆ, ಇದು ಈ ಕಸುಬಿನ ಮಗ್ಗಿ. ಮೂರು ಕಂಬದ, 38 ಇಂಚು ಎತ್ತರದ ರೇಡಿಯೇಟರಿನ ಒಂದೊಂದು ಭಾಗಕ್ಕೆ 5 ಚದರ ಅಡಿ. ಆರು ಭಾಗ ಇದ್ರೆ 30. ಎಣಿಸೋಕೆ ಏನು ಬೇಕು? ಒಂದು ಟೇಪು, ಒಂದು ಪುಸ್ತಕ, ಎಂಟು ಮನೆಯವರು ಬಾಗಿಲು ತೆಗೆಯೋ ಸೌಜನ್ಯ. ನಾವು ಇಬ್ಬರು ಒಂದು ಶನಿವಾರ ಕೂತು ಎಣಿಸಿದ್ವಿ. ಮೂವತ್ತೆರಡು ರೇಡಿಯೇಟರ್, ಒಟ್ಟು ಸುಮಾರು 900 ಚದರ ಅಡಿ. ಗಂಟೆಗೆ 2,16,000 ಬಿಟಿಯು.

ಕೊಟೇಶನ್ನಿನ ಬಾಯ್ಲರ್ ಎಷ್ಟಕ್ಕೆ? 1,600 ಚದರ ಅಡಿ ರೇಡಿಯೇಟರಿಗೆ. ಅದೂ ನಿವ್ವಳ, ಅಂದ್ರೆ ಕೊಳವೆ ಬಿಸಿ ಮಾಡೋ ಪಾಲು ಕಳೆದ ಮೇಲೆ. ನಾಲ್ಕು ಜನರ ಮನೆಗೆ ಮದುವೆ ಮನೆ ಹಂಡೆ! ಉಗಿಗೆ ಹೋಗೋಕೆ ಜಾಗ ಇಲ್ಲದೆ ಒತ್ತಡ ಏರುತ್ತೆ, ಸ್ವಿಚ್ ಆರಿಸುತ್ತೆ, ಇಳಿಯುತ್ತೆ, ಮತ್ತೆ ಹಚ್ಚುತ್ತೆ. ಹಚ್ಚು, ಆರು, ಹಚ್ಚು, ಆರು. ಗ್ಯಾಸ್ ವ್ಯರ್ಥ, ಬಾಯ್ಲರಿಗೆ ಆಯುಸ್ಸು ಕಮ್ಮಿ. ಆಮೇಲೆ ಹದಿನೈದು ವರ್ಷಕ್ಕೆ ಅದು ಸತ್ತಾಗ ಇನ್ನೊಬ್ಬ ಬಂದು ಲೇಬಲ್ ನೋಡ್ತಾನೆ.

ಒಂದು ನ್ಯಾಯದ ಮಾತು. ರೇಡಿಯೇಟರುಗಳೂ ದೊಡ್ಡವೇ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ತಾಜಾ ಗಾಳಿ ಬೇಕು ಅಂತ ಚಳಿಗಾಲದಲ್ಲೂ ಕಿಟಕಿ ತೆರೆದಿಡಿ ಅನ್ನೋ ಸಲಹೆ ಬಂತು. ಕಿಟಕಿ ತೆರೆದಿದ್ರೂ ರೂಮು ಬೆಚ್ಚಗಿರಬೇಕು ಅಂತ ಆಗಿನ ಇಂಜಿನಿಯರುಗಳು ಲೆಕ್ಕ ಹಾಕಿ ದೊಡ್ಡ ರೇಡಿಯೇಟರ್ ಇಟ್ರು. ಅಂದ್ರೆ ವಿಪರೀತ ಸೆಕೆಗೆ ಒಂದು ಹಳೇ ಕಾರಣ ನಿಜಕ್ಕೂ ಇದೆ. ಅದಕ್ಕೆ ಮದ್ದೂ ಇದೆ: ರೇಡಿಯೇಟರ್ ಮತ್ತು ವೆಂಟಿನ ನಡುವೆ ಕೂರಿಸೋ ಥರ್ಮೋಸ್ಟಾಟ್ ವಾಲ್ವ್. ರೂಮು ಬೆಚ್ಚಗಾದ್ರೆ ಅದು ಗಾಳಿ ಆಚೆ ಹೋಗೋ ದಾರಿ ಮುಚ್ಚುತ್ತೆ. ಗಾಳಿ ಹೋಗ್ಲಿಲ್ಲ ಅಂದ್ರೆ ಉಗಿ ಬರಲ್ಲ, ಅಷ್ಟೆ ಉಪಾಯ.

6/9

"ಬಾಯ್ಲರ್ ಅಂದ್ರೆ ಬಾಂಬ್ ಅಲ್ವಾ ಮಗಾ?" ಇದು ಕಾಮೆಂಟಲ್ಲಿ ಬಂದ ಪ್ರಶ್ನೆ, ನ್ಯಾಯವಾದ ಪ್ರಶ್ನೆ.

ಹೌದು, ಆಗಿತ್ತು. 1865ರ ಏಪ್ರಿಲ್‌ನಲ್ಲಿ ಮಿಸಿಸಿಪಿ ನದೀಲಿ ಸುಲ್ತಾನಾ ಅನ್ನೋ ಹಬೆ ದೋಣಿಯ ಬಾಯ್ಲರುಗಳು ಸಿಡಿದು ಸಾವಿರಕ್ಕಿಂತ ಜಾಸ್ತಿ ಜನ ಸತ್ತರು. ಮರುವರ್ಷ ಹಾರ್ಟ್‌ಫರ್ಡ್ ಊರಲ್ಲಿ ಬಾಯ್ಲರ್ ತಪಾಸಣೆ ಮಾಡಿ ವಿಮೆ ಕೊಡೋ ಕಂಪನಿ ಹುಟ್ಟಿತು. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸಿನ ಬ್ರಾಕ್‌ಟನ್ನಿನಲ್ಲಿ ಗ್ರೋವರ್ ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಹೋದರು. ಅವತ್ತು ಹೊಸ ಬಾಯ್ಲರ್ ನಿಲ್ಲಿಸಿದ್ದರಿಂದ ಹಳೇದನ್ನ ಓಡಿಸ್ತಿದ್ರು. ಆ ಸಾವುಗಳ ನಂತರ ಆ ರಾಜ್ಯದಲ್ಲಿ ಕಾನೂನು ಬಂತು, ಆಮೇಲೆ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಬಾಯ್ಲರ್ ಕೋಡ್. ನಾವು ಡಿಸೈನ್ ಪೇಪರಲ್ಲಿ ಎಎಸ್‌ಎಂಇ ಎಎಸ್‌ಎಂಇ ಅಂತ ಬರೀತಿದ್ವಲ್ಲ, ಆ ಕೋಡಿನ ಹಿಂದೆ ಇಂಥ ಸಾವುಗಳಿವೆ. ನಮ್ಮ ದೇಶದಲ್ಲೂ 1923ರಿಂದಲೇ ಬಾಯ್ಲರ್ ಕಾಯ್ದೆ ಇತ್ತು, 2025ರಲ್ಲಿ ಹೊಸದು ಬಂದಿದೆ.

ನನ್ನ ಎದುರಾಳಿಗಳು ಈ ಇತಿಹಾಸ ತೋರಿಸಿ "ನೋಡು, ಅದಕ್ಕೇ ಕೀಳು" ಅಂತಾರೆ. ನಾನು ಅದೇ ಇತಿಹಾಸ ತೋರಿಸಿ "ಅದಕ್ಕೇ ನೋಡ್ಕೋ" ಅಂತೀನಿ. ಯಾಕಂದ್ರೆ ಆ ಸಾವುಗಳಿಂದ ಕಲಿತ ಪಾಠ ಎಲ್ಲಾ ಈಗ ಆ ಕಬ್ಬಿಣದಲ್ಲೇ ಬೆಸೆದು ಕೂತಿದೆ. ಬಾಯ್ಲರ್ ಪಕ್ಕ ಕೊಳವೆ ಒಂದು ವಿಚಿತ್ರ ಸುತ್ತು ಹಾಕಿರುತ್ತೆ, ಹಾರ್ಟ್‌ಫರ್ಡ್ ಲೂಪ್ ಅಂತ. 1919ರಲ್ಲಿ ಅದೇ ವಿಮೆ ಕಂಪನಿ ಹೇಳಿದ್ದು. ವಾಪಸ್ ಕೊಳವೆ ಒಡೆದ್ರೂ ಬಾಯ್ಲರಿನ ನೀರು ಒಂದೇ ಸಲ ಪೂರ್ತಿ ಖಾಲಿ ಆಗಬಾರದು ಅಂತ. ನೀರು ಕಮ್ಮಿ ಆದ್ರೆ ಬೆಂಕಿ ಆರಿಸೋ ಕಟಾಫ್ ಇದೆ. 15 ಪಿಎಸ್‌ಐಗೆ ಸಿಡಿದು ಉಗಿ ಬಿಡೋ ಸೇಫ್ಟಿ ವಾಲ್ವ್ ಇದೆ. ಇವೆಲ್ಲಾ ಕೆಲಸ ಮಾಡೋದು ಯಾರಾದ್ರೂ ನೋಡ್ಕೊಂಡ್ರೆ ಮಾತ್ರ.

ತೇಲುವ ಗುಂಡಿನ ಕಟಾಫ್ ಇದ್ರೆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಕೆಳಗಿನ ವಾಲ್ವ್ ತೆಗೆದು ಕೆಸರು ನೀರು ಬಿಡಬೇಕು, ಬಿಡೋವಾಗ ಬೆಂಕಿ ಆರ್ತಾ ಇದ್ಯಾ ನೋಡಬೇಕು. ಆರಲಿಲ್ಲ ಅಂದ್ರೆ ಅದು ಸತ್ತಿದೆ, ಬಾಯ್ಲರ್ ನಿಲ್ಲಿಸಿ ಫೋನ್ ಮಾಡಿ. ನಮ್ಮ ಕಟ್ಟಡದಲ್ಲಿ ವಾಲ್ವಿನ ಹಿಡಿ ತಿರುಗಲೇ ಇಲ್ಲ, ಬಣ್ಣ ಹೊಡೆದು ಬಿಟ್ಟಿದ್ರು. ಎಷ್ಟು ವರ್ಷದಿಂದ ಹಂಗಿತ್ತೋ. ಆಮೇಲೆ ಗಾಜಿನ ಕೊಳವೇಲಿ ನೀರಿನ ಮಟ್ಟ. ನೀರು ಪದೇ ಪದೇ ಇಳೀತಿದ್ರೆ ಸುಮ್ನೆ ತುಂಬಿಸ್ತಾ ಇರೋದಲ್ಲ, ಎಲ್ಲಿ ಹೋಗ್ತಿದೆ ಹುಡುಕಬೇಕು. ಪ್ರತಿ ಸಲ ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬರುತ್ತೆ, ಒಳಗಿಂದ ತಿನ್ನುತ್ತೆ. ನೆಲದಡಿ ಹೂತ ವಾಪಸ್ ಕೊಳವೆ ಸೋರೋದು ಯಾರ ಕಣ್ಣಿಗೂ ಬೀಳಲ್ಲ, ಬಾಯ್ಲರ್ ತೂತಾದಾಗ ಮಾತ್ರ "ಹಳೇದು, ಹೋಯ್ತು" ಅಂತಾರೆ. ಇನ್ನು ಗಾಜಲ್ಲಿ ನೀರೇ ಕಾಣ್ತಿಲ್ಲ, ಬಾಯ್ಲರ್ ಸುಡ್ತಿದೆ ಅಂದ್ರೆ ದಯವಿಟ್ಟು ತಣ್ಣೀರು ಬಿಡಬೇಡಿ. ಆರಿಸಿ, ಆಚೆ ಬನ್ನಿ.

ನಾವು ಓದಿದ್ದು ನೆನಪಿಸ್ಕೊಳ್ಳಿ. ಕೊಚ್ರಾನ್ ಬಾಯ್ಲರ್, ಲ್ಯಾಂಕಾಶೈರ್ ಬಾಯ್ಲರ್, ಪೆನ್ಸಿಲಲ್ಲಿ ನೀಟಾಗಿ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡ್ವಿ. ಹಿಡಿ ತಿರುಗುತ್ತಾ ನೋಡು ಅಂತ ಯಾರೂ ಹೇಳಲಿಲ್ಲ.

7/9

(ಈ ಪೋಸ್ಟಿಗೆ ಫೋಟೋ ಇಲ್ಲ. ಕಪ್ಪು ಚೌಕ.)

2016ರ ಡಿಸೆಂಬರ್. ಬ್ರಾಂಕ್ಸ್‌ನ ಒಂದು ಫ್ಲ್ಯಾಟಲ್ಲಿ ರೇಡಿಯೇಟರಿಂದ ನುಗ್ಗಿದ ಉಗಿಗೆ ಇಬ್ಬರು ಪುಟ್ಟ ಅಕ್ಕತಂಗಿಯರು ಸತ್ತರು. ಒಂದು ಮಗುಗೆ ಒಂದು ವರ್ಷ, ಇನ್ನೊಂದಕ್ಕೆ ಎರಡು.

ಇದನ್ನ ಬಿಟ್ಟು ಉಗಿ ಒಳ್ಳೇದು ಅಂತ ಬರೆದ್ರೆ ನಾನು ಮೋಸಗಾರ. ಒತ್ತಡ ಕಮ್ಮಿ ಇದ್ರೂ ಉಗಿ 100 ಡಿಗ್ರಿಯದ್ದೇ. ಸಡಿಲ ವೆಂಟ್, ಸವೆದ ಥ್ರೆಡ್, ಅಲುಗಾಡೋ ವಾಲ್ವ್ ಇದ್ರೆ ಅದು ಬರೀ ರಿಪೇರಿ ವಿಷಯ ಅಲ್ಲ. ನಿಮ್ಮ ರೂಮಲ್ಲಿ ವೆಂಟ್ ಗಾಳಿ ಬದಲು ಉಗಿ ಕಕ್ತಿದ್ರೆ, ನೀರು ಉಗುಳ್ತಿದ್ರೆ ಇವತ್ತೇ ಬರೆದು ದೂರು ಕೊಡಿ. ಬಿಸಿ ಇರೋವಾಗ ನೀವೇ ಬಿಚ್ಚೋಕೆ ಹೋಗಬೇಡಿ, ಯೂಟ್ಯೂಬ್ ನೋಡಿ ಅಂತೂ ಬೇಡವೇ ಬೇಡ. ಮಕ್ಕಳ ಮಂಚ ರೇಡಿಯೇಟರಿಂದ ದೂರ ಇಡಿ.

ಇನ್ನೊಂದು ಕಡೆಯೂ ಇದೆ. 2022ರ ಜನವರಿ 9, ಮತ್ತೆ ಬ್ರಾಂಕ್ಸ್. ಎತ್ತರದ ಕಟ್ಟಡವೊಂದರಲ್ಲಿ ಕರೆಂಟ್ ಹೀಟರಿಂದ ಬೆಂಕಿ ಹತ್ತಿ, ಹೊಗೆ ತುಂಬಿ 17 ಜನ ಸತ್ತರು, ಅದರಲ್ಲಿ 8 ಮಕ್ಕಳು. ಅದು 1970ರ ದಶಕದ ಕಟ್ಟಡ, ನಾನು ಹೇಳ್ತಿರೋ ಥರದ ಹಳೇದಲ್ಲ. ಆದ್ರೆ ರೂಮು ಸಾಕಷ್ಟು ಬೆಚ್ಚಗಿಲ್ಲ ಅನ್ನಿಸಿದ್ರೆ ಜನ ಮಾಡೋದು ಅದನ್ನೇ, ಹೀಟರ್ ತಂದು ಪ್ಲಗ್ ಹಾಕೋದು. ನಮ್ಮ ಅಜ್ಜಿ ಮನೇಲೂ ಎರಡಿದ್ವು, ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ. ಕೆಳಗೆ ನೆಲಮಾಳಿಗೇಲಿ ಒಂದು ಪ್ಲಗ್ ಹೊಡೆದ ತೂತು, ಮೇಲೆ ಕಾದ ವೈರ್. ಆ ಎರಡಕ್ಕೂ ಸಂಬಂಧ ಇದೆ ಅಂತ ಕಾಣೋರು ಮಾತ್ರ ಕಟ್ಟಡದ ಬಗ್ಗೆ ತೀರ್ಪು ಕೊಡಲಿ.

8/9

ಈಗ ಹಸಿರು ಗೆಳೆಯರು. ನಿಮ್ಮ ಜೊತೆ ಜಗಳ ಆಡೋಕೆ ನನಗೆ ಕಷ್ಟ, ಯಾಕಂದ್ರೆ ಅರ್ಧ ನಾನೂ ನಿಮ್ಮ ಪಾರ್ಟಿ.

ಈ ಊರಿನ ಹಸಿರುಮನೆ ಅನಿಲದಲ್ಲಿ ಹೆಚ್ಚಿನ ಪಾಲು ಕಟ್ಟಡಗಳದ್ದೇ. 2019ರ ಲೋಕಲ್ ಲಾ 97 ಪ್ರಕಾರ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ 2024ರಿಂದ ಮಿತಿ, 2030ಕ್ಕೆ ಇನ್ನೂ ಬಿಗಿ, ಮೀರಿದ್ರೆ ಟನ್ನಿಗೆ 268 ಡಾಲರ್ ದಂಡ. ಒಳ್ಳೇ ಕಾನೂನು. ಗ್ಯಾಸ್ ಸುಡೋದು ಒಂದಲ್ಲ ಒಂದು ದಿನ ನಿಲ್ಲಲೇಬೇಕು. ನಾನು ಬಾಯ್ಲರಿಗೆ ದೇವಸ್ಥಾನ ಕಟ್ಟಿ ಅಂತಿಲ್ಲ.

ಆದ್ರೆ "ಉಗಿ ಕಿತ್ತು ನಾಳೆನೇ ಹೀಟ್ ಪಂಪ್" ಅನ್ನೋರಿಗೆ ಒಂದು ಪ್ರಶ್ನೆ. ಎಷ್ಟು ದೊಡ್ಡ ಪಂಪ್? ಈಗಿನ ಗ್ಯಾಸ್ ಬಿಲ್ ನೋಡಿ ಲೆಕ್ಕ ಹಾಕ್ತೀರಿ. ಆ ಬಿಲ್ಲಲ್ಲಿ ತೆರೆದ ಕಿಟಕಿ ಇದೆ, ಬತ್ತಲು ಕೊಳವೆ ಇದೆ, 8 ಪಿಎಸ್‌ಐ ಇದೆ. ಅಂದ್ರೆ ನೀವು ವ್ಯರ್ಥವನ್ನೇ ಅಳೆದು, ವ್ಯರ್ಥಕ್ಕೆ ಸರಿಹೊಂದೋ ದುಬಾರಿ ಯಂತ್ರ ತರ್ತಿದ್ದೀರಿ. ಮೊದಲು ಸರಿ ಮಾಡಿ, ಒಂದು ಚಳಿಗಾಲ ಓಡಿಸಿ, ಆಗ ಸಿಗೋ ಬಿಲ್ಲು ಕಟ್ಟಡದ ನಿಜವಾದ ಹಸಿವು. ಅದಕ್ಕೆ ಪಂಪ್ ತನ್ನಿ, ನಾನೇ ಹೊತ್ತು ತಂದು ಕೊಡ್ತೀನಿ.

ಎಂಪೈರ್ ಸ್ಟೇಟ್ ಕಟ್ಟಡ ಗೊತ್ತಲ್ಲ, 1931ರದ್ದು. ಅದಕ್ಕೆ ಉಗಿ ಬರೋದು ಬೀದಿ ಅಡಿಯ ಕೊಳವೆಯಿಂದ, 1882ರಿಂದ ಈ ಊರಲ್ಲಿರೋ ಸಾರ್ವಜನಿಕ ಉಗಿ ಜಾಲದಿಂದ. ಸುಮಾರು ಹದಿನೈದು ವರ್ಷದ ಹಿಂದೆ ಅಲ್ಲಿ ಶಕ್ತಿ ಉಳಿಸೋ ದೊಡ್ಡ ಕೆಲಸ ನಡೀತು. ರೇಡಿಯೇಟರ್ ಕಿತ್ರಾ? ಇಲ್ಲ. ಅವುಗಳ ಹಿಂದೆ ಶಾಖ ಪ್ರತಿಫಲಿಸೋ ಹಾಳೆ ಇಟ್ರು. ಸುಮಾರು 6,500 ಕಿಟಕಿಗಳನ್ನ ಬಿಚ್ಚಿ, ಅದೇ ಗಾಜು ಬಳಸಿ, ಕಟ್ಟಡದ ಒಳಗೇ ಮರುತಯಾರಿಸಿ ಕೂರಿಸಿದ್ರು. ಅಂಥಾ ದುಡ್ಡಿನ ಕಟ್ಟಡಕ್ಕೇ ಇದ್ದಿದ್ದನ್ನ ಸರಿಮಾಡೋದು ಅವಮಾನ ಅನ್ನಿಸಲಿಲ್ಲ.

"ಹಂಗಾದ್ರೆ ಅದೇ ರೇಡಿಯೇಟರಲ್ಲಿ ಬಿಸಿನೀರು ಓಡಿಸೋಣ" ಅನ್ನೋ ಜಾಣರೂ ಇದ್ದಾರೆ. ಕೆಲವು ಕಡೆ ಆಗುತ್ತೆ. ಆದ್ರೆ ಒಂದೂವರೆ ಪಿಎಸ್‌ಐ ಕಂಡ ಕೀಲುಗಳಿಗೆ ಇದ್ದಕ್ಕಿದ್ದಂಗೆ ಅದರ ಹತ್ತು ಪಟ್ಟು ಒತ್ತಡ ಬರುತ್ತೆ, ಎಲ್ಲಿ ಸೋರುತ್ತೆ ಅಂತ ನೀರೇ ತೋರಿಸುತ್ತೆ. ಅದೂ ಅಲ್ದೆ ಕೆಲವು ಹಳೇ ರೇಡಿಯೇಟರುಗಳ ಭಾಗಗಳು ಕೆಳಗೆ ಮಾತ್ರ ಜೋಡಿಸಿರುತ್ತೆ, ಮೇಲೆ ಇಲ್ಲ. ಅವು ಉಗಿಗೆ ಹುಟ್ಟಿದ್ದು, ಬಿಸಿನೀರು ಅದರಲ್ಲಿ ಸರಿಯಾಗಿ ಸುತ್ತಲ್ಲ. ಇದನ್ನೂ ಬಗ್ಗಿ ನೋಡಿದ್ರೇ ಗೊತ್ತಾಗೋದು.

9/9

ಕೊನೇದಾಗಿ ನಮ್ಮದೇ ಕ್ಲಾಸಿನ ಸಂರಕ್ಷಣಾವಾದಿಗಳಿಗೆ ಎರಡು ಮಾತು. ನೀವು ಇನ್ನೊಂದು ಥರ ಕಿತ್ತು ಹಾಕೋರು. ರೇಡಿಯೇಟರಿನ ಹೂಬಳ್ಳಿ ಎರಕ ನೋಡಿ "ಆಹಾ" ಅಂತ ಫೋಟೋ ಹೊಡೀತೀರಿ, ಕೊಳವೆ ಕಡಿದು ಅದನ್ನ ಮೂಲೇಲಿ ಹೂಕುಂಡದ ಸ್ಟ್ಯಾಂಡ್ ಮಾಡ್ತೀರಿ. ಮೇಲೆ ಬೆಳ್ಳಿ ಬಣ್ಣ ಬೇರೆ! ಲೋಹದ ಪುಡಿ ಇರೋ ಬಣ್ಣ ರೇಡಿಯೇಟರ್ ಸೂಸೋ ಶಾಖ ಕಮ್ಮಿ ಮಾಡುತ್ತೆ, ಸಾದಾ ಬಣ್ಣ ಹಂಗೆ ಮಾಡಲ್ಲ. ಕಟ್ಟಡದ ಮುಖ ಉಳಿಸಿ ಹೊಟ್ಟೆ ಬಗೆಯೋದಕ್ಕೆ ಸಂರಕ್ಷಣೆ ಅಂತ ಹೆಸರು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯವರು 1991ರಷ್ಟು ಹಿಂದೆಯೇ ಐತಿಹಾಸಿಕ ಕಟ್ಟಡಗಳ ಬಿಸಿ, ಗಾಳಿ, ತಂಪು ವ್ಯವಸ್ಥೆ ಬಗ್ಗೆ ಒಂದು ಕೈಪಿಡಿ ತಂದಿದ್ದಾರೆ, ಸರಣಿಯ 24ನೇದು, ಪುಕ್ಕಟೆ ಸಿಗುತ್ತೆ. ಓದಿ. ಡ್ಯಾನ್ ಹೋಲೊಹಾನ್ ಅನ್ನೋರು ಉಗಿ ಬಿಸಿಯ ಮರೆತ ವಿದ್ಯೆ ಬಗ್ಗೆ ಬರೆದ ಪುಸ್ತಕ ಇನ್ನೂ ಮಜವಾಗಿದೆ, ನಾವು ಓದಿದ ಯಾವ ಟೆಕ್ಸ್ಟ್‌ಬುಕ್ಕಿಗಿಂತ.

ಹೊಸ ಯಂತ್ರ ಮಾರಿದ್ರೆ ಕಮಿಷನ್ ಇದೆ. ವೆಂಟ್ ಬದಲಿಸಿದ್ರೆ, ಕೊಕ್ಕೆ ಎತ್ತಿ ಕಟ್ಟಿದ್ರೆ, ಕಾಲಡಿ ಮರದ ತುಂಡು ಇಟ್ರೆ ಯಾರಿಗೂ ಕಮಿಷನ್ ಇಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ಯೋ ಡಾಕ್ಟರಿಗೆ ಫೀಸ್ ಜಾಸ್ತಿ, ಅಷ್ಟೇ ವ್ಯತ್ಯಾಸ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಹುಡುಗ ಹುಡುಗೀರು ಎಷ್ಟೋ ಜನ ಇಂಥ ಹಳೇ ಮನೆಗಳಲ್ಲೇ ಬಾಡಿಗೆಗಿದ್ದೀರಿ, ಬೋಸ್ಟನ್, ಶಿಕಾಗೋ, ಜರ್ಸಿ ಸಿಟಿ. ವಾಲ್ವ್ ಪೂರ್ತಿ ತೆರೆದಿದೆಯಾ, ರೇಡಿಯೇಟರ್ ಯಾವ ಕಡೆ ವಾಲಿದೆ, ವೆಂಟ್ ಸುಯ್ ಅನ್ನುತ್ತಾ ಇಲ್ವಾ, ಇಷ್ಟು ನೋಡಿ ಕಾಮೆಂಟಲ್ಲಿ ಹಾಕಿ. ನೆಲಮಾಳಿಗೆಗೆ ಬಿಡೋ ಮಾಲೀಕರಿದ್ರೆ ಒತ್ತಡದ ಗೇಜಿನ ಫೋಟೋ ಕಳಿಸಿ, ಮುಟ್ಟಬೇಡಿ, ಫೋಟೋ ಮಾತ್ರ.

ನಮ್ಮ ಕಟ್ಟಡದ ಸುದ್ದಿ: ಮೊನ್ನೆ ಅಳೆದಾಗ ಅಜ್ಜಿ ಮನೇಲಿ 69 ಇತ್ತು, ಮೇಲಿನ ಮನೇಲಿ 74. ಮೇಲಿನವರ ಕಿಟಕಿ ಮುಚ್ಚಿದೆ. ಒಂದು ಹೀಟರ್ ಅಜ್ಜಿ ಎತ್ತಿಟ್ಟಿದ್ದಾರೆ, ಇನ್ನೊಂದು ಇನ್ನೂ ಪ್ಲಗ್ಗಲ್ಲೇ ಇದೆ, ನಂಬಿಕೆ ಬಂದಿಲ್ಲ ಅಂತೆ. ಕೊಳವೆಗೆ ಹೊದಿಕೆ ಹಾಕೋಕೆ ಮಾಲೀಕರು ಒಪ್ಪಿದ್ದಾರೆ. 1,600ರ ಬಾಯ್ಲರಿನ ಕೊಟೇಶನ್ ಇನ್ನೂ ಅವರ ಮೇಜಿನ ಮೇಲೇ ಇದೆ, ತಿಂಗಳ ಕೊನೆಗೆ ಸಹಿ ಹಾಕಬೇಕಂತೆ. ನಮ್ಮ 900ರ ಎಣಿಕೆ ಪಟ್ಟಿ ಅದರ ಮೇಲೆ ಇಟ್ಟು ಬಂದಿದ್ದೀವಿ.

#ಉಗಿ #ಹಳೇಕಟ್ಟಡ #ರೇಡಿಯೇಟರ್ #ಬಗ್ಗಿನೋಡಿ #ಮೆಕ್ಯಾನಿಕಲ್‌ಬ್ಯಾಚ್